ವಿಷಾನಿಲದ ಇನ್ನೊಂದು ಮುಖ: ಇಂಗಾಲದ ಮಾನಾಕ್ಸೈಡ್ ಮತ್ತು ರಕ್ತನಾಳಗಳ ಆರೋಗ್ಯ



ಇಂಗಾಲದ ಮಾನಾಕ್ಸೈಡ್ ಎಂಬ ಅನಿಲದ ಹೆಸರು ಸಾಮಾನ್ಯವಾಗಿ ಕೇಳಿಬರುವುದು ದುರಂತದ ಸುದ್ದಿಗಳಲ್ಲಿ. ಉತ್ತರ ಭಾರತದ ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದವರು, ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕಿಳಿದವರು ಪ್ರಾಣ ಕಳೆದುಕೊಂಡ ಪ್ರಸಂಗಗಳು ಮತ್ತೆ ಮತ್ತೆ ವರದಿಯಾಗುತ್ತವೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲವನ್ನು ಇಂದ್ರಿಯಗಳು ಗುರುತಿಸಲಾರವು. ಇದೇ ಅನಿಲವು ಅತ್ಯಲ್ಪ ಪ್ರಮಾಣದಲ್ಲಿ ಮನುಷ್ಯನ ದೇಹದೊಳಗೇ ಉತ್ಪತ್ತಿಯಾಗಿ ರಕ್ತನಾಳಗಳ ರಕ್ಷಣೆಯಲ್ಲಿ ಪಾಲ್ಗೊಳ್ಳುತ್ತದೆ ಎಂಬುದು ವೈದ್ಯವಿಜ್ಞಾನವು ಕಂಡುಕೊಂಡಿರುವ ಸಂಗತಿ. ಈ ಸಂಗತಿಯ ಅರ್ಥವೇನು, ಅದರ ಮಿತಿ ಎಲ್ಲಿ ಎಂಬುದನ್ನು ಅರಿಯುವುದು ಸಾರ್ವಜನಿಕರಿಗೆ ಅಗತ್ಯ.

ಮೊದಲು ಅದರ ವಿಷಗುಣವನ್ನು ನೋಡಬಹುದು. ಈ ಅನಿಲವು ರಕ್ತದಲ್ಲಿನ ಆಮ್ಲಜನಕವನ್ನು ಪಲ್ಲಟಗೊಳಿಸುತ್ತದೆ ಎಂಬುದನ್ನು 19ನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ತೋರಿಸಿಕೊಟ್ಟರು. ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇಂಗಾಲದ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಪರಿಣಾಮವಾಗಿ ಮೆದುಳು ಮತ್ತು ಹೃದಯಗಳು ಆಮ್ಲಜನಕದ ಕೊರತೆಗೆ ಸಿಲುಕುತ್ತವೆ.

ಆರೋಗ್ಯವಂತ ಮನುಷ್ಯನ ದೇಹವೂ ಈ ಅನಿಲವನ್ನು ತಯಾರಿಸುತ್ತದೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿ ಟೋರ್ಗ್ನಿ ಶೋಸ್ಟ್ರಾಂಡ್ 1949ರ ಸುಮಾರಿಗೆ ಪ್ರಕಟಪಡಿಸಿದರು. ಸುಮಾರು 120 ದಿನಗಳ ಆಯುಸ್ಸು ಮುಗಿಸಿದ ಕೆಂಪು ರಕ್ತಕಣಗಳು ನಾಶವಾಗುವಾಗ ಅವುಗಳಲ್ಲಿನ ಹೀಮ್ ಎಂಬ ವರ್ಣದ್ರವ್ಯವನ್ನು ಹೀಮ್ ಆಕ್ಸಿಜನೇಸ್ ಎಂಬ ಕಿಣ್ವವು ಒಡೆಯುತ್ತದೆ. ಆಗ ಕಬ್ಬಿಣ, ಹಸಿರು ಬಣ್ಣದ ಬಿಲಿವರ್ಡಿನ್ ಹಾಗೂ ಇಂಗಾಲದ ಮಾನಾಕ್ಸೈಡ್ ಹೊರಬೀಳುತ್ತವೆ. ಪೆಟ್ಟು ಬಿದ್ದು ಕಂದಿದ ಚರ್ಮವು ಕೆಲವು ದಿನಗಳಲ್ಲಿ ಹಸಿರಾಗಿ, ಬಳಿಕ ಹಳದಿಯಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಆ ಹಸಿರು ಬಿಲಿವರ್ಡಿನ್‌ನದು; ಹಳದಿ, ಅದರಿಂದ ಮುಂದೆ ರೂಪುಗೊಳ್ಳುವ ಬಿಲಿರುಬಿನ್‌ನದು. ಅದೇ ಕ್ರಿಯೆಯಲ್ಲಿ ಹುಟ್ಟುವ ಅನಿಲ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಬಹುಕಾಲ ಇದನ್ನು ಕೇವಲ ತ್ಯಾಜ್ಯವೆಂದು ಭಾವಿಸಲಾಗಿತ್ತು. ನೈಟ್ರಿಕ್ ಆಕ್ಸೈಡ್ ಎಂಬ ಮತ್ತೊಂದು ಅನಿಲವು ರಕ್ತನಾಳಗಳನ್ನು ಸಡಿಲಗೊಳಿಸುವ ಸಂದೇಶವಾಹಕವೆಂದು ತಿಳಿದುಬಂದಾಗ ಆ ಭಾವನೆ ಬದಲಾಯಿತು. ಆ ಸಂಶೋಧನೆಗೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಇಂಗಾಲದ ಮಾನಾಕ್ಸೈಡ್ ಕೂಡ, ನೈಟ್ರಿಕ್ ಆಕ್ಸೈಡಿನಷ್ಟು ಪ್ರಬಲವಾಗಿ ಅಲ್ಲದಿದ್ದರೂ, ರಕ್ತನಾಳದ ಗೋಡೆಯ ಸ್ನಾಯುಗಳನ್ನು ಸಡಿಲಿಸಬಲ್ಲದು. ಉರಿಯೂತವನ್ನು ತಗ್ಗಿಸುವ, ಸ್ನಾಯುಕೋಶಗಳ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವ ಗುಣಗಳೂ ಅದಕ್ಕಿರುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

1999ರಲ್ಲಿ ಜಪಾನಿನ ವೈದ್ಯರು ಹೀಮ್ ಆಕ್ಸಿಜನೇಸ್‌ನ ಒಂದು ಮುಖ್ಯ ಬಗೆ ಹುಟ್ಟಿನಿಂದಲೇ ಇಲ್ಲದಿದ್ದ ಬಾಲಕನೊಬ್ಬನ ಸ್ಥಿತಿಯನ್ನು ವರದಿ ಮಾಡಿದರು. ಆತನ ರಕ್ತನಾಳಗಳ ಒಳಪದರವು ನಿರಂತರವಾಗಿ ಹಾನಿಗೊಳ್ಳುತ್ತಿತ್ತು. ಈ ಕಿಣ್ವದಿಂದ ಅನಿಲವಲ್ಲದೆ ಬೇರೆ ಉಪಯುಕ್ತ ವಸ್ತುಗಳೂ ಹುಟ್ಟುವುದರಿಂದ ಎಲ್ಲ ಶ್ರೇಯಸ್ಸನ್ನೂ ಅನಿಲಕ್ಕೇ ಸಲ್ಲಿಸುವಂತಿಲ್ಲ. ಆದರೆ 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ಅನಿಲದ ಪಾತ್ರವನ್ನೇ ಪರೀಕ್ಷಿಸಿತು. ಮುಚ್ಚಿಕೊಂಡ ರಕ್ತನಾಳವನ್ನು ಪುಟ್ಟ ಬಲೂನಿನಿಂದ ಹಿಗ್ಗಿಸಿದಾಗ ಒಳಗೋಡೆಗೆ ಗಾಯವಾಗಿ, ಸ್ನಾಯುಕೋಶಗಳು ಬೆಳೆದು, ನಾಳವು ಮತ್ತೆ ಕಿರಿದಾಗುವುದುಂಟು. ಇಲಿಗಳಿಗೆ ಅಂತಹ ಗಾಯ ಮಾಡುವ ಮುನ್ನ, ಹತ್ತು ಲಕ್ಷ ಭಾಗ ಗಾಳಿಯಲ್ಲಿ 250 ಭಾಗದಷ್ಟು ಇಂಗಾಲದ ಮಾನಾಕ್ಸೈಡನ್ನು ಒಂದು ಗಂಟೆ ಕಾಲ ಉಸಿರಾಡಿಸಿದಾಗ ಈ ಕಿರಿದಾಗುವಿಕೆ ಗಣನೀಯವಾಗಿ ತಗ್ಗಿತು.

ಇಲಿಯಲ್ಲಿ ಫಲಿಸಿದ್ದು ಮನುಷ್ಯನಲ್ಲಿಯೂ ಫಲಿಸಬೇಕೆಂಬ ನಿಯಮವಿಲ್ಲ. ಅನಿಲದ ಪ್ರಮಾಣವನ್ನು ನಿಖರವಾಗಿ ಅಳೆದು, ಬೇಕಾದ ಅಂಗಕ್ಕೆ ಮಾತ್ರ ತಲುಪಿಸುವುದು ದೊಡ್ಡ ತೊಡಕು. ಇದಕ್ಕಾಗಿ, ದೇಹದೊಳಗೆ ಅನಿಲವನ್ನು ಮಿತವಾಗಿ ಬಿಡುಗಡೆ ಮಾಡುವ ಸಂಯುಕ್ತಗಳ ಕುರಿತು 2002ರ ಸುಮಾರಿನಿಂದ ಅಧ್ಯಯನಗಳು ನಡೆದಿವೆ. ಶ್ವಾಸಕೋಶ ಗಡಸಾಗುವ ಕಾಯಿಲೆಯ ರೋಗಿಗಳಿಗೆ ಅಲ್ಪ ಪ್ರಮಾಣದ ಅನಿಲವನ್ನು ಉಸಿರಾಡಿಸಿದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗಿಗಳು ಅದನ್ನು ಸಹಿಸಿಕೊಂಡರಾದರೂ ನಿರೀಕ್ಷಿಸಿದ ಪ್ರಧಾನ ಪ್ರಯೋಜನ ಕಾಣಲಿಲ್ಲ. ರಕ್ತನಾಳಗಳ ರೋಗಕ್ಕೆ ಈ ಅನಿಲವು ಇಂದಿಗೂ ಸಂಶೋಧನೆಯ ವಸ್ತುವೇ ಹೊರತು ವೈದ್ಯರು ಬರೆದುಕೊಡುವ ಔಷಧವಲ್ಲ.

ಆದುದರಿಂದ ಈ ವಿಷಯವನ್ನು ತಪ್ಪಾಗಿ ಗ್ರಹಿಸಬಾರದು. ಬೀಡಿ, ಸಿಗರೇಟುಗಳ ಹೊಗೆಯಲ್ಲಿಯೂ ಇಂಗಾಲದ ಮಾನಾಕ್ಸೈಡ್ ಇದೆಯೆಂದು ಧೂಮಪಾನವನ್ನು ಸಮರ್ಥಿಸುವವರಿಗೆ ಇಲ್ಲಿ ಯಾವ ಆಧಾರವೂ ಇಲ್ಲ. ಆ ಹೊಗೆಯು ರಕ್ತನಾಳಗಳ ಒಳಪದರವನ್ನು ಕೆಡಿಸಿ ಹೃದಯಾಘಾತಕ್ಕೆ ದಾರಿ ಮಾಡುತ್ತದೆ ಎಂಬುದು ನಿಸ್ಸಂದೇಹವಾಗಿ ಸ್ಥಾಪಿತವಾಗಿದೆ.

ಅತಿಯಾದರೆ ಅಮೃತವೂ ವಿಷ ಎಂಬುದು ಹಿರಿಯರ ಮಾತು. ದೇಹವು ತನ್ನ ಜೀವಕೋಶಗಳಲ್ಲಿ ಅಳೆದು ತಯಾರಿಸುವ ಅನಿಲ ಬೇರೆ, ಮುಚ್ಚಿದ ಕೋಣೆಯಲ್ಲಿ ಅಳತೆಯಿಲ್ಲದೆ ತುಂಬಿಕೊಳ್ಳುವ ಅನಿಲ ಬೇರೆ. ಮಲಗುವ ಕೋಣೆಯಲ್ಲಿ ಇದ್ದಿಲು ಉರಿಸಬಾರದು. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವೆಡೆ ಅಳವಡಿಸಬೇಕು. ಒಲೆ, ಗೀಸರ್ ಅಥವಾ ಅಗ್ಗಿಷ್ಟಿಕೆ ಉರಿಯುತ್ತಿರುವಾಗ ತಲೆನೋವು, ತಲೆಸುತ್ತು, ವಾಕರಿಕೆ ಕಂಡುಬಂದರೆ ಕೂಡಲೇ ಹೊರಗಿನ ಗಾಳಿಗೆ ಬಂದು ವೈದ್ಯರ ನೆರವು ಪಡೆಯಬೇಕು. ಪ್ರಯೋಗಾಲಯದ ಭರವಸೆಯು ಔಷಧವಾಗಿ ಕೈಸೇರಲು ಇನ್ನೂ ಕಾಲ ಬೇಕು. ಕಿಟಕಿ ತೆರೆದಿಡುವ ಎಚ್ಚರಿಕೆಯನ್ನಾದರೋ ಇಂದೇ ಪಾಲಿಸಬಹುದು.