ಉಳಿದ ದ್ರಾವಣ ಹಳ್ಳದ ಪಾಲಾಗದಿರಲಿ



ನಮ್ಮ ಊರುಗಳಲ್ಲಿ ಹೋಮ್‌ಸ್ಟೇಗಳು ಹೆಚ್ಚಿವೆ. ಅವುಗಳೊಡನೆ ರತ್ನಗಂಬಳಿಯೂ, ಅದನ್ನು ತೊಳೆಯುವ ರಾಸಾಯನಿಕ ದ್ರಾವಣವೂ ಬಂದಿವೆ. ತೊಳೆದು ಉಳಿದುದನ್ನು ಹಿತ್ತಿಲಿನ ಹಳ್ಳಕ್ಕೆ ಚೆಲ್ಲುತ್ತೇವೆ. ಅದೇ ಹಳ್ಳ ಕೆಳಗಿನ ಮನೆಯವರಿಗೆ ಕುಡಿಯುವ ನೀರು. ಮಾರ್ಜಕವು ಮೀನಿನ ಕಿವಿರುಗಳನ್ನು ಘಾಸಿಗೊಳಿಸುತ್ತದೆ. ರಂಜಕವಿದ್ದರೆ ನಿಂತ ನೀರಿನಲ್ಲಿ ಪಾಚಿ ಬೆಳೆದು, ಅದು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ.

ಹಾಗಾದರೆ ಉಳಿಸಬಹುದಾದುದು ಯಾವುದು? ನೀರು ಬೆರೆಸದ ದ್ರಾವಣವನ್ನು ಮೂಲ ಸೀಸೆಯಲ್ಲಿಯೇ, ಬಿಸಿಲು ತಾಗದ ತಂಪು ಜಾಗದಲ್ಲಿ, ಮಕ್ಕಳ ಕೈಗೆಟುಕದಂತೆ ಇರಿಸಿ, ನಮೂದಿಸಿದ ಅವಧಿಯೊಳಗೆ ಬಳಸಬಹುದು. ತಂಪು ಪಾನೀಯದ ಬಾಟಲಿಗೆ ತುಂಬಿಡುವುದು ಪ್ರಾಣಾಪಾಯಕ್ಕೆ ದಾರಿ.

ನೀರು ಬೆರೆಸಿದುದು ಬಹುಕಾಲ ಬಾಳದು. ಉಳಿದರೆ ಅಂದೇ ಕಾಲೊರಸುಗಳನ್ನು ತೊಳೆಯಲು ಬಳಸಿರಿ. ಹೈಡ್ರೋಜನ್ ಪೆರಾಕ್ಸೈಡ್ ಇರುವ ದ್ರಾವಣ ಕ್ರಮೇಣ ಆಮ್ಲಜನಕವನ್ನು ಬಿಡುತ್ತದೆ. ಬೇರೆ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒತ್ತಡಕ್ಕೆ ಸಿಡಿಯಬಹುದು. ಎರಡು ಬಗೆಯ ಉಳಿಕೆಗಳನ್ನು ಎಂದಿಗೂ ಒಂದುಗೂಡಿಸಬೇಡಿ. ಬ್ಲೀಚಿಗೆ ಅಮೋನಿಯ ಸೇರಿದರೆ ಕ್ಲೋರಮೈನ್, ಆಮ್ಲ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹುಟ್ಟುತ್ತದೆ.

ಕೊಳೆ ಹೀರಿದ ನೀರು ಮರುಬಳಕೆಗೆ ಬಾರದು. ಅದು ಹಳ್ಳಕ್ಕಲ್ಲ, ಸೆಪ್ಟಿಕ್ ಟ್ಯಾಂಕಿಗೆ ಸೇರುವ ಬಚ್ಚಲಿಗೆ ಹೋಗಲಿ. ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ, ಅಳೆದು, ಬೇಕಾದಷ್ಟನ್ನೇ ಬೆರೆಸುವುದು.

ತುಂಗೆ, ಭದ್ರೆ, ಶರಾವತಿ, ಕಾವೇರಿಯರ ಮೊದಲ ಹನಿ ನಮ್ಮ ಬೆಟ್ಟಗಳಲ್ಲಿದೆ. ಅದನ್ನು ಮಲಿನಗೊಳಿಸುವ ಮೊದಲ ಕೈ ನಮ್ಮದಾಗದಿರಲಿ.