ನೂರು ಗಜದ ಒಳಗೆ

ಮಗ್ಗೆಯಂಥ ಮಲೆನಾಡಿನ ಊರಲ್ಲಿ ಶಾಲೆ ಬಿಟ್ಟೊಡನೆ ಮಕ್ಕಳು ಮನೆ ಸೇರುವುದಿಲ್ಲ. ಕಾಫಿ ತೋಟದ ಲೈನ್‌ಮನೆಗೋ ದೂರದ ಹಳ್ಳಿಗೋ ಹೋಗುವ ಬಸ್ಸು ಬರುವ ತನಕ ಅಂಗಡಿ ಮುಂದೆ ಕಾಯಬೇಕು. ಅಲ್ಲಿ ಚಾಕಲೇಟಿನ ಡಬ್ಬಿ, ಅದರ ಮೇಲೇ ತೂಗುವ ತಂಬಾಕಿನ ಪಾಕೀಟುಗಳು. "ತಗೊಳೋ, ಏನಾಗಲ್ಲ" ಅನ್ನುವ ದೊಡ್ಡ ಹುಡುಗನೊಬ್ಬ ಸಿಕ್ಕರೆ ಸಾಕು.

ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ತಂಬಾಕು ನಿಯಂತ್ರಣ ಕಾಯ್ದೆಯೇ ಹೇಳಿದೆ. ಆ ಅಳತೆಗೆ ರಸ್ತೆಯ ಮೇಲೆ ಹಳದಿ ಗೆರೆ ಎಳೆಯುವ ಕ್ರಮವೂ ಇದೆ. ಗೆರೆ ಬೇಕು, ಕಾಯುವವರೂ ಬೇಕು. ಆದರೆ ನನಗೆ ಹೆಚ್ಚು ಚಿಂತೆ ಗೇಟಿನ ಒಳಗಿನದು. ಅಮೆರಿಕದ ಹದಿಹರೆಯದವರ ಬಗ್ಗೆ 1997ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಕಂಡುಕೊಂಡದ್ದು ಇದು: ಈ ಶಾಲೆ ನನ್ನದು, ಮೇಷ್ಟ್ರಿಗೆ ನಾನು ಬೇಕು ಅನ್ನಿಸಿದ ಮಕ್ಕಳಲ್ಲಿ ಸಿಗರೇಟು, ಮದ್ಯ, ಗಾಂಜಾ ಬಳಕೆ ಕಡಿಮೆ.

ಹಾಗಿರುವಾಗ, ಜೇಬಿನಲ್ಲಿ ಪಾಕೀಟು ಸಿಕ್ಕ ಹುಡುಗನನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿ, ಟಿ.ಸಿ. ಕೊಟ್ಟು ಕಳಿಸುವುದು ಎಂಥ ನ್ಯಾಯ? ಅವನು ಹೋಗಿ ನಿಲ್ಲುವುದು ಅದೇ ಅಂಗಡಿ ಮುಂದೆ. ಬಸ್ಸು ಬರುವ ತನಕ ಶಾಲೆಯ ಮೈದಾನ ತೆರೆದಿಡೋಣ, ಒಂದು ವಾಲಿಬಾಲ್ ಕೊಡೋಣ. ಪಕ್ಕದಲ್ಲಿ ಕೂರಿಸಿಕೊಂಡು "ಮನೇಲಿ ಹೇಗಿದ್ದಾರೆ ಮಗಾ?" ಎಂದು ಕೇಳೋಣ. ಮಾತು ಅಲ್ಲಿಗೂ ಬಗೆಹರಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.