ಶೆಟ್ಟಿಕೊಪ್ಪ ಎಂದು ಬರೆದು ಒತ್ತಿದರೆ

ಮಕ್ಕಳೇ, ಶಾಲೆಯ ಕಂಪ್ಯೂಟರಿನಲ್ಲಿ ಕ್ರೋಮ್ ಇರಬಹುದು, ಫೈರ್‌ಫಾಕ್ಸ್ ಇರಬಹುದು. ಎರಡೂ ಬ್ರೌಸರ್‌ಗಳೇ. ತೆರೆದ ಕೂಡಲೇ ಮೇಲ್ಗಡೆ ಒಂದು ಉದ್ದನೆಯ ಪಟ್ಟಿ ಕಾಣುತ್ತದೆ. ಅದು ವಿಳಾಸ ಬರೆಯುವ ಜಾಗ. ಅಲ್ಲಿ ನಮ್ಮ ನರಸಿಂಹರಾಜಪುರ ತಾಲ್ಲೂಕಿನ ‘ಶೆಟ್ಟಿಕೊಪ್ಪ’ದ ಹೆಸರನ್ನು ಕನ್ನಡದಲ್ಲೇ ಬರೆದು ಎಂಟರ್ ಒತ್ತಿ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುಟ ಬರುತ್ತದೆ. ಅಷ್ಟರೊಳಗೆ ನಡೆದ ಕೆಲಸ ಮಾತ್ರ ಸಣ್ಣದಲ್ಲ.

ಬ್ರೌಸರ್ ತೆರೆಯುವುದನ್ನೇ ‘ಇಂಟರ್ನೆಟ್ ತೆಗೆಯೋದು’ ಅನ್ನುವವರಿದ್ದಾರೆ. ಇಂಟರ್ನೆಟ್ ಎಂದರೆ ಲೋಕದ ಕಂಪ್ಯೂಟರುಗಳನ್ನೆಲ್ಲ ಸೇರಿಸಿರುವ ಜಾಲ. ಬ್ರೌಸರ್ ನಿಮ್ಮ ಕಂಪ್ಯೂಟರಿನೊಳಗೇ ಇರುವ ಒಂದು ತಂತ್ರಾಂಶ. ಪುಟ ಬೇಕೆಂದು ಕೇಳುವುದು, ಬಂದದ್ದನ್ನು ಓದಿಕೊಳ್ಳುವುದು, ಪರದೆಯ ಮೇಲೆ ಜೋಡಿಸಿ ತೋರಿಸುವುದು ಅದರ ಕೆಲಸ. ಪುಟ ಇರುವುದು ಬೇರೆಲ್ಲೋ, ಹಗಲು ರಾತ್ರಿ ನಡೆಯುತ್ತಿರುವ ಸರ್ವರ್ ಎಂಬ ಕಂಪ್ಯೂಟರಿನಲ್ಲಿ.

ಆ ಸರ್ವರನ್ನು ಬ್ರೌಸರ್ ಹುಡುಕುವುದು ಹೇಗೆ? ನಮ್ಮ ಕಡೆ ಮನೆಗಳು ತೋಟದೊಳಗೆ ಒಂಟಿ ಒಂಟಿಯಾಗಿರುತ್ತವೆ. ಹೊಸಬರು ರಸ್ತೆ ಬದಿಯ ಅಂಗಡಿಯಲ್ಲಿ ಮನೆ ಹೆಸರು ಹೇಳಿ ದಾರಿ ಕೇಳಿಕೊಳ್ಳುತ್ತಾರೆ. ಬ್ರೌಸರೂ ಹಾಗೇ. ಜಾಲದಲ್ಲಿ ಪ್ರತಿ ಸರ್ವರಿಗೂ ಒಂದು ಸಂಖ್ಯೆಯಿದೆ. ಹೆಸರು ಹೇಳಿದರೆ ಸಂಖ್ಯೆ ತಿಳಿಸುವುದಕ್ಕೆಂದೇ ಬೇರೆ ಕಂಪ್ಯೂಟರುಗಳಿವೆ. ಆದರೆ ‘ಶೆಟ್ಟಿಕೊಪ್ಪ’ ಎಂಬುದು ಯಾವ ಜಾಲತಾಣದ ವಿಳಾಸವೂ ಅಲ್ಲವಲ್ಲ! ಹಾಗಾಗಿ ಬ್ರೌಸರ್ ಆ ಪದವನ್ನು ಗೂಗಲ್‌ನಂಥ ಹುಡುಕುತಾಣಕ್ಕೆ ಒಪ್ಪಿಸುತ್ತದೆ. ಅಲ್ಲಿಂದ ಬಂದ ಪಟ್ಟಿಯಲ್ಲಿ ‘ಪ್ರಾಯೋಜಿತ’ ಎಂದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅದನ್ನು ದಾಟಿ ಕೆಳಗೆ ನೋಡಿ.

ಈಗ ನನಗೆ ಬಹಳ ಇಷ್ಟವಾದ ಸಂಗತಿ. ಶೆಟ್ಟಿಕೊಪ್ಪ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಬ್ರೌಸರಿಗೆ ಬರುವುದು ಅಕ್ಷರವಲ್ಲ, ಸಂಖ್ಯೆ, ಅದೂ ಹನ್ನೊಂದು. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ‘ಕ’ ಎಂದರೆ 3221. ‘ಟ’ 3231. ‘ಟ್ಟಿ’ ಬೇಕಾದರೆ 3231, 3277, 3231, 3263 ಎಂದು ಸಾಲಾಗಿ ಬರುತ್ತದೆ: ಒಂದು ಟ, ಒಂದು ಅರ್ಧಾಕ್ಷರದ ಗುರುತು, ಇನ್ನೊಂದು ಟ, ಕೊನೆಗೆ ಗುಡಿಸು. ಗುಡಿಸು ಬಂದದ್ದು ಎಲ್ಲಕ್ಕಿಂತ ಕೊನೆಗೆ, ಕೂರುವುದು ಮಾತ್ರ ಮೊದಲನೆಯ ಟಕಾರದ ತಲೆಯ ಮೇಲೆ. ಎರಡನೆಯ ಟಕಾರ ಒತ್ತಾಗಿ ಕೆಳಗಿಳಿಯುತ್ತದೆ. ಇದನ್ನೆಲ್ಲ ಬ್ರೌಸರ್ ಅಕ್ಷರವಿನ್ಯಾಸದ ಫಾಂಟ್ ನೋಡಿಕೊಂಡು, ನೀವು ಕಾಪಿಯಲ್ಲಿ ಬರೆಯುವ ಹಾಗೆಯೇ ಕೂರಿಸುತ್ತದೆ. ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಸಿಗ್ನಲ್ ಸೊರಗಿದಾಗ ಬೇಜಾರು ಮಾಡಿಕೊಳ್ಳಬೇಡಿ, ಪರದೆಯನ್ನೇ ನೋಡುತ್ತಿರಿ. ಮೊದಲು ಬರಹ ಮೂಡುತ್ತದೆ, ಚಿತ್ರದ ಜಾಗ ಖಾಲಿ ಇರುತ್ತದೆ. ಏಕೆಂದರೆ ಮೊದಲು ಬರುವುದು ಎಚ್‌ಟಿಎಂಎಲ್ ಎಂಬ ಭಾಷೆಯಲ್ಲಿ ಬರೆದ ಬರಹದ ಕಡತ. ‘ಇಲ್ಲೊಂದು ಚಿತ್ರವಿದೆ, ಇಂಥ ಕಡೆಯಿಂದ ತಾ’ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಓದಿದ ಮೇಲೆಯೇ ಬ್ರೌಸರ್ ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಆ ಕಡತ ನೋಡಬೇಕೆ? ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಯು ಒತ್ತಿ. ಅರ್ಥವಾಗದ ಗುರುತುಗಳ ನಡುವೆ ನಿಮಗೆ ಗೊತ್ತಿರುವ ಕನ್ನಡ ಪದಗಳೂ ಸಿಗುತ್ತವೆ. ಅಲ್ಲಿ ಏನನ್ನೂ ಹಾಳು ಮಾಡಲಾರಿರಿ, ಧೈರ್ಯವಾಗಿ ನೋಡಿ.

ಈ ಬ್ರೌಸರ್, ಎಚ್‌ಟಿಎಂಎಲ್‌ಗಳನ್ನು ಮೊದಲು ಮಾಡಿದವರು ಟಿಮ್ ಬರ್ನರ್ಸ್-ಲೀ. ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1990ರಲ್ಲಿ ಮೊದಲ ಬ್ರೌಸರನ್ನು ಬರೆದರು. 1993ರ ಏಪ್ರಿಲ್ 30ರಂದು ಸರ್ನ್ ಈ ವಿದ್ಯೆಯನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಬಿಟ್ಟುಕೊಟ್ಟಿತು. ಕೊಪ್ಪ, ಶೃಂಗೇರಿಯ ಮಕ್ಕಳಿಗೂ ಅದು ಸಿಕ್ಕಿದ್ದು ಈ ದೊಡ್ಡ ಮನಸ್ಸಿನಿಂದ.

ಈಗ ಬ್ರೌಸರಿನ ಗುಂಡಿಗಳು. ಮೇಲಿನ ಎಡಮೂಲೆಯ ಬಾಣ ಒತ್ತಿದರೆ ಹಿಂದಿನ ಪುಟ. ದುಂಡನೆಯ ಬಾಣ ಒತ್ತಿದರೆ ಅದೇ ಪುಟವನ್ನು ಮತ್ತೆ ತರಿಸುತ್ತದೆ. ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾದರೆ, ದಾರಿಯಲ್ಲಿ ಬೇರೆಯವರು ಓದದಂತೆ ಸಂದೇಶವನ್ನು ಗುಟ್ಟುಲಿಪಿಗೆ ತಿರುಗಿಸಿದ್ದಾರೆಂದು ಅರ್ಥ. ಆ ತಾಣದವರು ಒಳ್ಳೆಯವರೆಂದು ಅರ್ಥವಲ್ಲ. ಹತ್ತಾರು ಜನ ಬಳಸುವ ಕಂಪ್ಯೂಟರಿನಲ್ಲಿ ‘ಪಾಸ್‌ವರ್ಡ್ ಉಳಿಸಲೇ?’ ಎಂದು ಬ್ರೌಸರ್ ಕೇಳಿದರೆ ಬೇಡ ಅನ್ನಿ.

ಇನ್ನು ಟ್ಯಾಬ್. ಮೇಲಿನ ಕೂಡಿಸುವ ಚಿಹ್ನೆ ಒತ್ತಿದರೆ ಪಕ್ಕದಲ್ಲೇ ಹೊಸ ಪುಟ ತೆರೆಯುತ್ತದೆ. ಕುವೆಂಪು ಹುಟ್ಟಿದ ಊರು ಯಾವುದೆಂದು ಹುಡುಕಿ. ಕೆಲವು ಕಡೆ ಕುಪ್ಪಳಿ ಎಂದಿರುತ್ತದೆ, ಕೆಲವು ಕಡೆ ಹಿರೇಕೊಡಿಗೆ. ಎರಡು ಟ್ಯಾಬ್‌ಗಳಲ್ಲಿ ಎರಡು ಪುಟ ಇಟ್ಟುಕೊಂಡು ಪೂರ್ತಿ ಓದಿ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅದು ತಾಯಿಯ ತವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ. ಒಂದೇ ಪುಟದ ಮೊದಲ ಸಾಲು ಓದಿ ಎದ್ದುಬಿಟ್ಟಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.